ಟ್ಯೂಬಿನ ಕೂಸಿಗೆ ಹಾಲು ಬೆಚ್ಚಗೆ ಮಾಡಿಯೇ ಕೊಡಬೇಕಾ?

ದಿನ ತುಂಬುವ ಮೊದಲೇ ಹುಟ್ಟಿ, ಟ್ಯೂಬಿನಲ್ಲಿ ಹಾಲು ಕುಡಿಯುವ ಕೂಸಿಗೆ ಫ್ರಿಜ್ಜಿನಲ್ಲಿಟ್ಟ ಎದೆಹಾಲನ್ನು ಪ್ರತಿ ಸಲವೂ ಮೈ ಬಿಸಿಗೆ ತಂದೇ ಕೊಡಬೇಕೇ? ಹೌದು ಎನ್ನುವವರು ಗಂಗಾವತಿ ಕಡೆಯ ಒಬ್ಬ ಹೈಸ್ಕೂಲ್ ಶಿಕ್ಷಕಿ. ಬೇಕಿಲ್ಲ ಎನ್ನುವವರು ಅವರ ನಾದಿನಿ, ರಾಯಚೂರಿನಲ್ಲಿ ಹಸುಗೂಸುಗಳ ವಾರ್ಡಿನ ಸ್ಟಾಫ್ ನರ್ಸ್. ಮನೆಯಲ್ಲಿ ಇನ್ನೂ ಮುಗಿಯದ ಜಗಳ ಇದು.

ಪರ: ನಾಲಿಗೆಗೆ ತಾಕುವುದಿಲ್ಲ, ಹೊಟ್ಟೆಗೆ ತಾಕುತ್ತದಲ್ಲ

ನನ್ನ ಮಗ ಹುಟ್ಟಿದ್ದು ಮೂವತ್ತನೇ ವಾರಕ್ಕೆ, ಸಂಕ್ರಾಂತಿ ಹತ್ತಿರದ ಚಳಿಯಲ್ಲಿ. ತೂಕ 1,100 ಗ್ರಾಂ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಒಟ್ಟಿಗೆ ಸಂಭಾಳಿಸುವ ಶಕ್ತಿ ಕೂಸಿಗೆ ಬರುವುದು ಸುಮಾರು 34 ವಾರಕ್ಕೆ. ಒಳಲೆಯಲ್ಲಿ ಹಾಕುವುದು ಅದಕ್ಕೂ ಸ್ವಲ್ಪ ಮೊದಲು ನಡೆಯುತ್ತದೆ. ಮೂವತ್ತಕ್ಕೆ ಅದೂ ಇಲ್ಲ. ಬಾಯಿಯಿಂದ ಹೊಟ್ಟೆಗೆ ಒಂದು ಸಪೂರ ಟ್ಯೂಬು. ಹೊರಗಿನ ತುದಿಗೆ ಪ್ಲಂಜರ್, ಅಂದರೆ ಒತ್ತುವ ಕಡ್ಡಿ, ತೆಗೆದ ಸಿರಿಂಜ್. ಅದನ್ನು ಗೇಣಷ್ಟು ಮೇಲೆ ಎತ್ತಿ ಹಿಡಿದರೆ ಹಾಲು ತಾನಾಗಿ ಇಳಿಯುತ್ತದೆ. ಒತ್ತುವಂತಿಲ್ಲ. ಎರಡು ತಾಸಿಗೊಮ್ಮೆ 10 ಮಿಲಿ. ಆ ಸಿರಿಂಜ್ ಹಿಡಿದು ನಿಂತವರಿಗೆ ಗೊತ್ತು, ಹತ್ತು ಮಿಲಿ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ.

ಹಗಲಿನ ಹಾಲಿಗೆ ತಕರಾರು ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಹಿಂಡಿ ಕೊಡುತ್ತಿದ್ದೆ, ನನ್ನ ಮೈಯ ಬಿಸಿ ಆರುವ ಮೊದಲೇ ಅದು ಕೂಸಿನ ಹೊಟ್ಟೆ ಸೇರುತ್ತಿತ್ತು. ಗೋಳೆಲ್ಲ ರಾತ್ರಿಯದು. ಸಿಸೇರಿಯನ್ ಆದವಳು ನಾನು. ಎರಡು ತಾಸಿಗೊಮ್ಮೆ ಮೆಟ್ಟಿಲು ಹತ್ತಿ ಬರೋಕೆ ಆಗುತ್ತಿರಲಿಲ್ಲ. ಸಂಜೆ ಹಿಂಡಿದ ಹಾಲು ಫ್ರಿಜ್ಜಿಗೆ ಹೋಗುತ್ತಿತ್ತು. ಒಂದು ನಸುಕಿನಲ್ಲಿ ನಿದ್ದೆ ಬಾರದೆ ನಾಲ್ಕು ಗಂಟೆಗೆ ಗೋಡೆ ಹಿಡಿದುಕೊಂಡು ಮೇಲೆ ಹೋದೆ. ಸಿಸ್ಟರ್ ಫ್ರಿಜ್ಜಿನಿಂದ ಹಾಲು ತೆಗೆದವರೇ ಸಿರಿಂಜಿಗೆ ಸುರಿದರು. ಸಿರಿಂಜಿನ ಹೊರಮೈಗೆ ಮಂಜಿನ ಹನಿ ಕೂತಿತ್ತು. ಮುಟ್ಟಿ ನೋಡಿದೆ, ಐಸ್‌ಕ್ಯಾಂಡಿ ಮುಟ್ಟಿದ ಹಾಗೆ ಬೆರಳು ಚುರ್ ಅಂದಿತು.

"ಸಿಸ್ಟರ್, ಸ್ವಲ್ಪ ಬೆಚ್ಚಗ ಮಾಡಿ ಕೊಡ್ರಿ" ಅಂದೆ.

"ಟ್ಯೂಬಿನಾಗ ಹೋಗೂದು ಯವ್ವ, ನಾಲಿಗಿಗೆ ತಾಕತೈತೇನು?" ಅಂದರು. ಬೈದು ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು.

ನಾಲಿಗೆಗೆ ತಾಕುವುದಿಲ್ಲ, ನಿಜ. ನನ್ನ ಚಿಂತೆಯೇ ಅದು. ಬಾಯಲ್ಲಿ ಕುಡಿಯುವ ಕೂಸಿಗೆ ಬೇಡ ಅನಿಸಿದರೆ ಮುಖ ತಿರುಗಿಸುತ್ತದೆ, ತುಟಿ ಬಿಗಿ ಹಿಡಿಯುತ್ತದೆ, ಉಗುಳುತ್ತದೆ. ಗುಟುಕು ಬಾಯಲ್ಲಿ ಅರೆಗಳಿಗೆ ನಿಂತು ತಣ್ಣಗಿದ್ದದ್ದು ಒಂದಿಷ್ಟು ಬೆಚ್ಚಗಾಗುತ್ತದೆ. ಟ್ಯೂಬಿನ ಕೂಸಿಗೆ ಅದ್ಯಾವುದೂ ಇಲ್ಲ. ನೆಟ್ಟಗೆ ಹೊಟ್ಟೆಗೆ. ಬೇಡ ಅಂತ ಹೇಳೋಕೆ ಅದಕ್ಕೆ ದಾರಿಯೇ ಇಲ್ಲ.

ನಾನು ಮಕ್ಕಳಿಗೆ ವಿಜ್ಞಾನ ಹೇಳುವವಳು. ಅವತ್ತು ಹೊರಗಿನ ಬೆಂಚಿನ ಮೇಲೆ ಕೂತು ಔಷಧಿ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಒಂದು ಕ್ಯಾಲರಿ. ಹಾಲೂ ಹೆಚ್ಚುಕಡಿಮೆ ಹಾಗೇ. ಫ್ರಿಜ್ಜಿನ ಹಾಲು 4 ಡಿಗ್ರಿ, ಕೂಸಿನ ಮೈ 37. ವ್ಯತ್ಯಾಸ 33. ಹತ್ತು ಗ್ರಾಂ ಹಾಲಿಗೆ 330 ಕ್ಯಾಲರಿ. ಇದು ಸಣ್ಣ ಕ್ಯಾಲರಿ. ಊಟದ ಲೆಕ್ಕದಲ್ಲಿ ಕ್ಯಾಲರಿ ಅನ್ನುವುದು ಇಂಥ ಸಾವಿರಕ್ಕೆ. ಹತ್ತು ಮಿಲಿ ಎದೆಹಾಲು ಕೂಸಿಗೆ ಕೊಡುವುದು ಸುಮಾರು 6,500ರಿಂದ 7,000 ಸಣ್ಣ ಕ್ಯಾಲರಿ. ಅಂದರೆ ತಣ್ಣನೆಯ ಹಾಲು ಕೊಟ್ಟರೆ, ಅದರಲ್ಲಿ ಇಪ್ಪತ್ತನೇ ಒಂದು ಪಾಲು ಅದೇ ಹಾಲನ್ನು ಕಾಯಿಸುವುದಕ್ಕೇ ಖರ್ಚು! ಒಲೆ ನಮ್ಮ ಹತ್ತಿರ ಇರುವಾಗ ಕೂಸಿನ ಹೊಟ್ಟೆಯನ್ನೇ ಒಲೆ ಮಾಡಿದ ಹಾಗೆ ಅಲ್ವಾ?

ಇನ್ನೊಂದು ಬದಿಯಿಂದಲೂ ಲೆಕ್ಕ ಮಾಡಿದೆ. 1,100 ಗ್ರಾಂ ಮೈಯಿಂದ ಒಮ್ಮೆಲೇ 330 ಕ್ಯಾಲರಿ ಹೋದರೆ ಮೈಯ ಬಿಸಿ ಸುಮಾರು ಮೂರನೇ ಒಂದು ಡಿಗ್ರಿ ಇಳಿಯಬೇಕು. ಕಂಕುಳಲ್ಲಿ ಅಳೆದಾಗ 36.5ರಿಂದ 37.5 ಇದ್ದರೆ ಕೂಸು ಸರಿಯಿದೆ ಅಂತ ಅರ್ಥ. 36.5ರ ಕೆಳಗೆ ಹೋದರೆ ಅದಕ್ಕೆ ಥಂಡಿ ಹತ್ತಿದೆ ಅಂತಲೇ ಡಾಕ್ಟರು ಬರೆಯುತ್ತಾರೆ. 36.7 ಇದ್ದ ಕೂಸಿಗೆ ಮೂರನೇ ಒಂದು ಡಿಗ್ರಿ ಅಂದರೆ ಗೆರೆ ದಾಟಿದ ಹಾಗೇ. ದಿನಕ್ಕೆ ಹನ್ನೆರಡು ಸಲ.

ದೊಡ್ಡವರಾದ ನಮಗೆ ಚಳಿಯಾದರೆ ಮೈ ನಡುಗುತ್ತದೆ. ಹಸುಗೂಸು ನಡುಗುವುದಿಲ್ಲ. ಹೆಗಲ ಹಿಂದೆ, ಕುತ್ತಿಗೆ ಸುತ್ತ ಒಂದು ಬಗೆಯ ಕಂದು ಕೊಬ್ಬು ಇರುತ್ತದೆ, ಅದನ್ನು ಉರಿಸಿ ಬೆಚ್ಚಗಾಗುತ್ತದೆ. ಆ ಕೊಬ್ಬು ಜಾಸ್ತಿ ತುಂಬಿಕೊಳ್ಳುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ನನ್ನ ಮಗ ಆ ಮೂರು ತಿಂಗಳಿಗೆ ಕೈಕೊಟ್ಟು ಹೊರಗೆ ಬಂದವನು. ಅವನ ಹತ್ತಿರ ಉರುವಲೇ ಇರಲಿಲ್ಲ.

ಆ ವಾರ್ಡಿನಲ್ಲಿ ನನಗೆ ವಿಚಿತ್ರ ಅನಿಸಿದ್ದು ಇದು. ಮೇಲೆ ವಾರ್ಮರ್ ಕೆಂಪಗೆ ಉರಿಯುತ್ತಿರುತ್ತದೆ. ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ. ಬಾಗಿಲು ಅರ್ಧ ತೆಗೆದರೂ "ಗಾಳಿ ಬರ್ತೈತಿ ಮುಚ್ಚ್ರಿ" ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಪ್ರಕಾರ ಹುಟ್ಟಿದಾಗಿನಿಂದಲೇ ಕಾಂಗರೂ ಆರೈಕೆ, ದಿನಕ್ಕೆ 8ರಿಂದ 24 ತಾಸು ತಾಯಿಯ ಎದೆಗೆ ಕೂಸಿನ ಎದೆ. ಇಷ್ಟೆಲ್ಲ ಮಾಡಿ, ಕೊನೆಗೆ ಹೊಟ್ಟೆಯೊಳಕ್ಕೆ ಫ್ರಿಜ್ಜಿನ ಹಾಲು. ಮೇಲೆ ಕೌದಿ ಹೊದಿಸಿ ಒಳಗೆ ತಣ್ಣೀರು ಹೊಯ್ದ ಹಾಗೆ.

ಕೊಬ್ಬಿನ ಮಾತೂ ಇದೆ. ಫ್ರಿಜ್ಜಿನಲ್ಲಿಟ್ಟ ಎದೆಹಾಲನ್ನು ನೋಡಿದವರಿಗೆ ಗೊತ್ತು, ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಛಾಯೆಯ ತೆಳು ಹಾಲು. ತಣ್ಣಗೆ ಕೊಟ್ಟಾಗ ಆ ಕೆನೆ ಸಿರಿಂಜಿನ ಗೋಡೆಗೂ ಟ್ಯೂಬಿಗೂ ಅಂಟುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ, ಹಾಲೆಲ್ಲ ಇಳಿದ ಮೇಲೂ ಸಿರಿಂಜಿನ ಒಳಮೈಗೆ ಬೆಣ್ಣೆ ಸವರಿದ ಹಾಗೆ ಒಂದು ಪದರ ಉಳಿದಿತ್ತು. ಹಾಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಬರುವುದು ಆ ಕೊಬ್ಬಿನಿಂದ. ದಿನಕ್ಕೆ ಹದಿನೈದು ಇಪ್ಪತ್ತು ಗ್ರಾಂ ಏರಲಿ ಅಂತ ತಕ್ಕಡಿ ಮುಂದೆ ಕೈಮುಗಿದು ನಿಲ್ಲುವವರಿಗೆ ಅದು ಸಣ್ಣ ನಷ್ಟವಲ್ಲ. ಬೆಚ್ಚಗೆ ಮಾಡಿ ಮೆಲ್ಲಗೆ ಅಲ್ಲಾಡಿಸಿದರೆ ಕೆನೆ ಮತ್ತೆ ಬೆರೆಯುತ್ತದೆ.

ಅಧ್ಯಯನ ಎಲ್ಲಿದೆ ಅಂತ ನನ್ನ ನಾದಿನಿ ಕೇಳುತ್ತಾಳೆ. ಇದೆ. 1995ರಲ್ಲಿ ಅಮೆರಿಕದ ನರ್ಸುಗಳ ಪತ್ರಿಕೆಯೊಂದರಲ್ಲಿ ಬಂದದ್ದು. ಟ್ಯೂಬಿನ ಕೂಸುಗಳಿಗೆ ಬೇರೆ ಬೇರೆ ಬಿಸಿಯಲ್ಲಿ ಹಾಲು ಕೊಟ್ಟು ನೋಡಿದರು. ತಣ್ಣಗೆ ಕೊಟ್ಟಾಗ ಮುಂದಿನ ಹಾಲಿನ ಹೊತ್ತಿಗೆ ಹೊಟ್ಟೆಯಲ್ಲಿ ಹಳೆಯದು ಜಾಸ್ತಿ ಉಳಿದಿತ್ತು, ಮೈ ಬಿಸಿಯಲ್ಲಿ ಕೊಟ್ಟಾಗ ಕಡಿಮೆ. ಹೊಟ್ಟೆಯಲ್ಲಿ ಹಾಲು ಉಳಿದಿದೆ ಅಂದರೆ ಮುಂದಿನ ಹಾಲು ನಿಲ್ಲಿಸುತ್ತಾರೆ. ಅದು ನಿಂತರೆ ಗ್ಲೂಕೋಸು, ಸೂಜಿ, ಮತ್ತೆರಡು ದಿನ. ಸಣ್ಣ ಅಧ್ಯಯನ ಅಂತ ತಳ್ಳಿಹಾಕಬಹುದು. ಆದರೆ ಬೆಚ್ಚಗೆ ಮಾಡಿ ಕೊಟ್ಟದ್ದರಿಂದ ಹೊಟ್ಟೆ ಕೆಟ್ಟಿತು ಅಂತ ಅದು ಹೇಳಲಿಲ್ಲವಲ್ಲ.

ನಮ್ಮ ಅತ್ತೆಗೆ ಈ ಲೆಕ್ಕ ಯಾವುದೂ ಬೇಡ. "ಬಾಣಂತಿಗೇ ತಣ್ಣಂದು ಕೊಡೂದಿಲ್ಲ, ಇನ್ನ ಕೂಸಿಗೆ ಕೊಡ್ತಾರೇನ?" ಅಂದು ಸುಮ್ಮನಾದರು. ಅತ್ತೆಯ ಎಲ್ಲ ಮಾತಿಗೂ ನಾನು ಹೂಂ ಅನ್ನುವವಳಲ್ಲ. ಅಗ್ಗಿಷ್ಟಿಕೆ, ಲೋಬಾನದ ಹೊಗೆ ಬೇಡವೇ ಬೇಡ ಅಂತ ಜಗಳಾಡಿದವಳು. ಈ ಒಂದು ಮಾತಿಗೆ ಮಾತ್ರ ಅವರ ಕಡೆಗೇ ನಿಂತೆ.

ಬೆಚ್ಚಗೆ ಮಾಡು ಅಂದರೆ ಒಲೆ ಮೇಲೆ ಇಡು ಅಂತ ಅಲ್ಲ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಅದು ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗೇ ಬಿಡುತ್ತದೆ. ಉಗುರುಬೆಚ್ಚಗಿನ ನೀರು, 37ರಿಂದ 40 ಡಿಗ್ರಿ ಒಳಗೆ, ಐದು ನಿಮಿಷ. ಅದೂ ಆಗದಿದ್ದರೆ ನಾನು ಮಾಡಿದ್ದನ್ನು ಮಾಡಿ. ಮರುದಿನದಿಂದ ನಸುಕಿಗೇ ಎದ್ದು ಹೋಗುತ್ತಿದ್ದೆ. ಮುಚ್ಚಳ ಹಾಕಿದ ಸಿರಿಂಜನ್ನು ಕೈ ತೊಳೆದು ಒರೆಸಿಕೊಂಡು ಮುಷ್ಟಿಯಲ್ಲಿ ಹಿಡಿದು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ಮೊದಲು ಕೈಯೇ ಮರಗಟ್ಟಿದ ಹಾಗೆ ಆಗುತ್ತಿತ್ತು. ಹತ್ತು ನಿಮಿಷಕ್ಕೆ ಸಿರಿಂಜ್ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಂಗೈಯಷ್ಟೇ ಬಿಸಿ ಆಗಿರುತ್ತಿತ್ತು. ಇದಕ್ಕೆ ಯಂತ್ರ ಬೇಕಿಲ್ಲ, ಕರೆಂಟು ಬೇಕಿಲ್ಲ. ಸಿಸ್ಟರುಗಳಿಗೆ ಹೊತ್ತಿಲ್ಲ ಅಂದರೆ ನನಗೆ ಅರ್ಥವಾಗುತ್ತದೆ. ಹೊರಗಿನ ಬೆಂಚಿನ ಮೇಲೆ ಸುಮ್ನೆ ಕೂತ ತಾಯಿಗೆ, ಅಜ್ಜಿಗೆ ಹೊತ್ತು ಬೇಕಾದಷ್ಟಿದೆ. ಅವರ ಕೈಗೆ ಕೊಡಿ.

ವಿರೋಧ: ವೈನಿಯ ಲೆಕ್ಕ ಸರಿ, ವಾರ್ಡು ಬೇರೆ

ವೈನಿ, ಅಂದರೆ ನಮ್ಮ ಅತ್ತಿಗೆ, ಲೆಕ್ಕದಲ್ಲಿ ಜಾಣರು. ಆ ಔಷಧಿ ಚೀಟಿ ನಮ್ಮ ಮನೆಯ ದೇವರ ಫೋಟೋ ಹಿಂದೆ ಇವತ್ತಿಗೂ ಇದೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನನಗೆ ತೋರಿಸುತ್ತಾರೆ. ಅದೇ ಚೀಟಿಯಿಂದಲೇ ಶುರು ಮಾಡುತ್ತೇನೆ.

ವೈನಿ ಹಿಡಿದದ್ದು ಎರಡೇ ಬಿಸಿ, 4 ಮತ್ತು 37. ನಡುವೆ ಇನ್ನೊಂದು ಇದೆ. ನಮ್ಮ ವಾರ್ಡು 26ರಿಂದ 28 ಡಿಗ್ರಿಯಲ್ಲಿ ಇರಬೇಕು, ಅದು ನಿಯಮ. ಹತ್ತು ಮಿಲಿ ಹಾಲನ್ನು ಫ್ರಿಜ್ಜಿನಿಂದ ತೆಗೆದು ಟ್ರೇ ಮೇಲೆ ಇಟ್ಟರೆ ಅರ್ಧ ತಾಸಿನಲ್ಲಿ ಅದು ಹೆಚ್ಚುಕಡಿಮೆ ಕೋಣೆಯ ಬಿಸಿಗೇ ಬರುತ್ತದೆ. ಅಷ್ಟು ಸಣ್ಣ ಹಾಲು ಅದು. ಈಗ 27ರಿಂದ 37ಕ್ಕೆ ಲೆಕ್ಕ ಹಾಕಿ. 330 ಹೋಗಿ 100 ಕ್ಯಾಲರಿ ಆಯಿತು. ಇಪ್ಪತ್ತನೇ ಒಂದು ಪಾಲು ಇದ್ದದ್ದು ನೂರಕ್ಕೆ ಒಂದೂವರೆ ಆಯಿತು. ಮೂರನೇ ಒಂದು ಡಿಗ್ರಿ ಹೋಗಿ ಹತ್ತನೇ ಒಂದು ಡಿಗ್ರಿ ಆಯಿತು. ಅದೂ ಹಾಲು ಒಮ್ಮೆಲೇ ಹೊಟ್ಟೆಗೆ ಬಿದ್ದರೆ. ಬೀಳುವುದಿಲ್ಲ. ಸಿರಿಂಜಿನಿಂದ ಹತ್ತು ಹದಿನೈದು ನಿಮಿಷ ಹನಿ ಹನಿಯಾಗಿ ಇಳಿಯುತ್ತದೆ, ಮೇಲಿನಿಂದ ವಾರ್ಮರ್ ಶಾಖ ಕೊಡುತ್ತಲೇ ಇರುತ್ತದೆ. ಇನ್ನೊಂದು ಮಾತು. 37ಕ್ಕೆ ಕಾಯಿಸಿದ ಹಾಲನ್ನೂ ಸಿರಿಂಜಿನಲ್ಲಿ ಹದಿನೈದು ನಿಮಿಷ ಎತ್ತಿ ಹಿಡಿದರೆ ಅದು ಆರದೆ ಇರುತ್ತದಾ? ಕೊನೆಯ ಹನಿ ಇಳಿಯುವ ಹೊತ್ತಿಗೆ ಕಾಯಿಸಿದ್ದೂ ಕಾಯಿಸದ್ದೂ ಹತ್ತಿರ ಹತ್ತಿರ ಒಂದೇ.

ಫ್ರಿಜ್ಜಿನಿಂದ ತೆಗೆದವರೇ ಸುರಿದ ಆ ಸಿಸ್ಟರನ್ನು ನಾನು ಸಮರ್ಥಿಸುತ್ತಿಲ್ಲ. ಹಾಗೆ ಮಾಡಬಾರದು. ಮುಂಚೆಯೇ ತೆಗೆದಿಡಬೇಕಿತ್ತು. ಆದರೆ ಅದಕ್ಕೆ ಉತ್ತರ ಪ್ರತಿ ಹಾಲನ್ನೂ ಕಾಯಿಸುವ ನಿಯಮ ಅಲ್ಲ. ಆ ನಿಯಮ ಮಾಡಿದರೆ ಏನಾಗುತ್ತದೆ ಅಂತ ಕಂಡವಳು ನಾನು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೆ ಒಂದು ಕಡೆ ಇದ್ದೆ, ಹೆಸರು ಬೇಡ. ಅಲ್ಲಿ ಕಾಯಿಸಿಯೇ ಕೊಡಬೇಕು ಅಂತ ಆರ್ಡರ್ ಇತ್ತು. ಒಂದು ಸ್ಟೀಲ್ ಬೋಗುಣಿ, ಅದರಲ್ಲಿ ಥರ್ಮಾಸ್ ನೀರು, ಅದರಲ್ಲಿ ಎರಡು ಮೂರು ಕೂಸಿನ ಹಾಲಿನ ಡಬ್ಬಿಗಳು ಒಟ್ಟಿಗೆ ತೇಲುತ್ತಿದ್ದವು. ಡಬ್ಬಿಗೆ ಸುತ್ತಿದ ಬಿಳಿ ಪ್ಲಾಸ್ಟರಿನ ಮೇಲೆ ಪೆನ್ನಿನಲ್ಲಿ ತಾಯಿಯ ಹೆಸರು. ಒಂದು ರಾತ್ರಿ ಡಬ್ಬಿ ಎತ್ತಿದರೆ ಪ್ಲಾಸ್ಟರು ನೆನೆದು ಅರ್ಧ ಬಿಚ್ಚಿಕೊಂಡಿದೆ. ನೀರೆಲ್ಲ ತಿಳಿ ನೀಲಿ. ಎರಡು ಡಬ್ಬಿಯಲ್ಲಿ ಯಾವುದು ಯಾರದ್ದು ಅಂತ ತಿಳಿಯದು. ಸಾಲದ್ದಕ್ಕೆ ಇಬ್ಬರು ಬಾಣಂತಿಯರಿಗೂ ಹುಲಿಗಿಯ ದೇವಿ ಅಮ್ಮನ ಹೆಸರೇ. ನಮ್ಮ ಕಡೆ ಓಣಿಗೆ ನಾಲ್ಕು ಜನ ಇರುತ್ತಾರೆ. ಉಳಿದಿದ್ದದ್ದು ಮೊದಲಿನ ಎರಡು ಅಕ್ಷರ. ಎರಡೂ ಡಬ್ಬಿ ಸಿಂಕಿಗೆ ಸುರಿದೆ. ಬೇರೆ ದಾರಿ ಇರಲಿಲ್ಲ. ಪರೀಕ್ಷೆ ಆಗದ ಬೇರೆ ತಾಯಿಯ ಹಾಲು ಹೋದರೆ ಎಚ್‌ಐವಿಯಂಥ ಸೋಂಕಿನ ಭಯ. ಒಬ್ಬಳು ತಾಯಿ ಅದನ್ನು ಒಂದು ತಾಸು ಕೂತು, ಅತ್ತು, ಹಿಂಡಿದ್ದಳು. ಬೆಳಿಗ್ಗೆ ಅವಳಿಗೆ ಹೇಳುವ ಕೆಲಸವೂ ನನ್ನದೇ ಆಯಿತು. "ಚೆಲ್ಲಿಬಿಟ್ರ್ಯಾ ಅಕ್ಕಾ?" ಅಂದಳು. ಅಷ್ಟೇ ಅಂದಳು.

ಆ ಬೋಗುಣಿಯ ನೀರನ್ನು ಯಾರು, ಯಾವಾಗ ಬದಲಿಸುತ್ತಿದ್ದರು? ಬಿಡುವಾದಾಗ. ಅದೇ ನನಗೆ ಜಾಸ್ತಿ ಭಯ. ನಿಂತ ಬೆಚ್ಚಗಿನ ನೀರು ಅಂದರೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ತವರುಮನೆ. ಹಾಲಿನ ಡಬ್ಬಿ ಬೆಚ್ಚಗೆ ಮಾಡುವ ನೀರಿನಿಂದ, ಬಾಟಲಿ ಕಾಯಿಸುವ ಉಪಕರಣದಿಂದಲೇ ಅದು ಕೂಸಿನಿಂದ ಕೂಸಿಗೆ ಹರಡಿದ ಘಟನೆಗಳು ಹೊರದೇಶದ ದೊಡ್ಡ ದೊಡ್ಡ ಎನ್‌ಐಸಿಯುಗಳಲ್ಲೇ, ಅಂದರೆ ಹಸುಗೂಸುಗಳ ಐಸಿಯುಗಳಲ್ಲೇ, ಆಗಿವೆ. ಮುಚ್ಚಳದ ಸಂದಿಯಿಂದ ಒಂದು ಹನಿ ಒಳಗೆ ಹೋದರೆ ಸಾಕು, ಅಥವಾ ಒದ್ದೆ ಡಬ್ಬಿ ಎತ್ತಿದ ಕೈಯಿಂದಲೇ ಟ್ಯೂಬು ಮುಟ್ಟಿದರೆ ಸಾಕು. ನೀರಿಲ್ಲದೆ ಬಿಸಿ ಗಾಳಿಯಿಂದ ಬೆಚ್ಚಗೆ ಮಾಡುವ ಯಂತ್ರ ಬಂದಿವೆ, ನಿಜ. ನಮ್ಮ ಕಡೆ ಎಷ್ಟು ಕಡೆ ಇವೆ?

ಉಗುರುಬೆಚ್ಚಗೆ, 37ರಿಂದ 40 ಅಂತ ವೈನಿ ಬರೆಯುತ್ತಾರೆ. ರಾತ್ರಿ ಮೂರು ಗಂಟೆಗೆ ನೀರಿಗೆ ಥರ್ಮಾಮೀಟರ್ ಹಾಕುವವರು ಯಾರು? ಥರ್ಮಾಸಿನ ನೀರು ಎಪ್ಪತ್ತೂ ಇರುತ್ತದೆ, ಎಂಬತ್ತೂ ಇರುತ್ತದೆ. ಅದರಲ್ಲಿ ಹತ್ತು ಮಿಲಿ ಐದು ನಿಮಿಷ ನಿಂತರೆ ಬೆಚ್ಚಗಾಗುವುದಿಲ್ಲ, ಬೇಯುತ್ತದೆ. ಎದೆಹಾಲಿನಲ್ಲಿ ಕೊಬ್ಬು ಅರಗಿಸುವ ಕಿಣ್ವವೂ ಜೊತೆಗೇ ಬಂದಿರುತ್ತದೆ. ದಿನ ತುಂಬದ ಕೂಸಿನ ಮೇದೋಜೀರಕಕ್ಕೆ ಆ ಕೆಲಸ ಇನ್ನೂ ಸರಿಯಾಗಿ ಬಂದಿರುವುದಿಲ್ಲ, ಹಾಗಾಗಿ ತಾಯಿಯೇ ಕಟ್ಟಿ ಕಳಿಸಿದ ಬುತ್ತಿ ಅದು. ಬಿಸಿ ಏರಿದ ಹಾಗೆ ಆ ಕಿಣ್ವ ಸಾಯುತ್ತದೆ. ಹಾಲಿನ ಬ್ಯಾಂಕಿನಲ್ಲಿ ಬೇರೆ ತಾಯಂದಿರ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುತ್ತಾರೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ನಮ್ಮ ದೇಶದ ಮೊದಲ ಹಾಲಿನ ಬ್ಯಾಂಕ್ ಶುರುವಾಯಿತು. ಅಂಥಲ್ಲಿ ಸೋಂಕು ಕೊಲ್ಲೋಕೆ ಅಷ್ಟು ಕಾಯಿಸಲೇಬೇಕು, ಕಿಣ್ವ ಹೋದರೂ ಪರವಾಗಿಲ್ಲ ಅಂತ ಒಪ್ಪಿಕೊಂಡೇ ಮಾಡುತ್ತಾರೆ. ಸ್ವಂತ ತಾಯಿಯ ಹಾಲಿಗೆ ಆ ನಷ್ಟ ಯಾಕೆ? ವೈನಿ ಟ್ಯೂಬಿಗೆ ಅಂಟಿದ ಕೆನೆ ನೋಡಿ ಸಂಕಟಪಟ್ಟರು. ಕಿಣ್ವ ಸತ್ತದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಯಾರೂ ಸಂಕಟಪಡುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ಒಮ್ಮೆ ಮಾಡೋಣ. ಎಂಟು ಟ್ಯೂಬಿನ ಕೂಸುಗಳು, ಎರಡು ತಾಸಿಗೊಮ್ಮೆ ಹಾಲು, ಒಬ್ಬೊಬ್ಬರದ್ದೂ ಬೇರೆ ಬೇರೆ ನೀರಿನಲ್ಲಿ ಬೆಚ್ಚಗೆ ಮಾಡೋಕೆ ಐದು ನಿಮಿಷ. ನಲವತ್ತು ನಿಮಿಷ. 120 ನಿಮಿಷದಲ್ಲಿ ನಲವತ್ತು. ರಾತ್ರಿ ಪಾಳಿಯಲ್ಲಿ ನಾವು ಇಬ್ಬರು. ಆ ನಲವತ್ತು ನಿಮಿಷ ಎಲ್ಲಿಂದ ಬರುತ್ತದೆ ಅಂತ ಹೇಳಲಾ? ಕೈ ತೊಳೆಯುವುದರಿಂದ ಬರುತ್ತದೆ. ಸಿರಿಂಜನ್ನು ನಿಧಾನಕ್ಕೆ ಎತ್ತಿ ಹಿಡಿಯುವ ಬದಲು ಪ್ಲಂಜರ್ ಹಾಕಿ ಒತ್ತಿಬಿಡುವುದರಿಂದ ಬರುತ್ತದೆ. ಒತ್ತಿ ಕೊಟ್ಟ ಬೆಚ್ಚನೆ ಹಾಲಿಗಿಂತ ತಾನಾಗಿ ಇಳಿದ ಕೋಣೆ ಬಿಸಿಯ ಹಾಲು ಸಾವಿರ ಪಾಲು ಮೇಲು.

ಬೇಸಿಗೆಯ ಮಾತು ವೈನಿ ಎತ್ತಲೇ ಇಲ್ಲ. ಅವರ ಮಗ ಸಂಕ್ರಾಂತಿಗೆ ಹುಟ್ಟಿದ. ರಾಯಚೂರಿಗೆ ಏಪ್ರಿಲ್‌ನಲ್ಲಿ ಬನ್ನಿ. ಹೊರಗೆ ನಲವತ್ತು ದಾಟಿರುತ್ತದೆ. ಶಕ್ತಿನಗರದಲ್ಲಿ ಕರೆಂಟು ಮಾಡಿ ಇಡೀ ರಾಜ್ಯಕ್ಕೆ ಕಳಿಸುವ ಜಿಲ್ಲೆ ನಮ್ಮದು, ಆದರೂ ಕರೆಂಟು ಹೋಗುತ್ತದೆ. ತಾಯಂದಿರು ಹಾಲು ಹಿಂಡುವ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಾರೆ. ಅಲ್ಲಿ ಹಾಲು ತಣ್ಣಗಿದೆ ಅನ್ನುವ ಚಿಂತೆ ಯಾರಿಗೂ ಇಲ್ಲ. ತಣ್ಣಗೆ ಉಳಿಯುತ್ತದಾ ಅನ್ನುವುದೇ ಚಿಂತೆ. ಹಿಂಡಿದ ಹಾಲು ಹೊರಗೆ ನಾಲ್ಕು ತಾಸು ಇರುತ್ತದೆ ಅಂತ ಪುಸ್ತಕ ಹೇಳುವುದು 25 ಡಿಗ್ರಿ ಕೋಣೆಗೆ. ನಮ್ಮ ಬೇಸಿಗೆಗೆ ಆ ಮಾತು ನಡೆಯುವುದಿಲ್ಲ. ಒಮ್ಮೆ ಬೆಚ್ಚಗೆ ಮಾಡಿದ ಹಾಲು ಎರಡು ತಾಸಿನೊಳಗೆ ಮುಗಿಯಬೇಕು, ಮತ್ತೆ ಫ್ರಿಜ್ಜಿಗೆ ಇಡುವಂತಿಲ್ಲ. ಈಗ ಯೋಚಿಸಿ. ಎಂಟು ಹಾಲು ಕಾಯಿಸಿಟ್ಟಿದ್ದೇನೆ, ಅಷ್ಟರಲ್ಲಿ ಲೇಬರ್ ವಾರ್ಡಿನಿಂದ ಅಳದೇ ಇರುವ ಒಂದು ಕೂಸು ಓಡಿಸಿಕೊಂಡು ಬಂದರು. ಮುಕ್ಕಾಲು ತಾಸು ಅಲ್ಲೇ ಹೋಯಿತು. ಬೆಚ್ಚಗಿನ ಹಾಲು ಟ್ರೇ ಮೇಲೆ ಬೆಚ್ಚಗೇ ಕೂತಿದೆ. ಅದರೊಳಗೆ ಏನು ಬೆಳೆಯುತ್ತಿರುತ್ತದೆ ಅಂತ ವಿಜ್ಞಾನದ ಟೀಚರಿಗೆ ನಾನು ಹೇಳಬೇಕಾ?

ಅಧ್ಯಯನದ ವಿಷಯ. ವೈನಿ 1995 ಹೇಳಿದರು, ನಾನು 1962 ಹೇಳುತ್ತೇನೆ. ಅಮೆರಿಕದಲ್ಲೇ ಆದದ್ದು. ದಿನ ತುಂಬದ ಕೂಸುಗಳಿಗೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲನ್ನೇ ಕೊಟ್ಟು ನೋಡಿದರು. ಬೆಚ್ಚಗೆ ಕುಡಿದ ಕೂಸುಗಳಿಗಿಂತ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಡಬ್ಬಿ ಹಾಲು, ಎದೆಹಾಲಲ್ಲ, ಒಪ್ಪುತ್ತೇನೆ. ಈಗಿನ ಒಂದು ಕಿಲೋ ಕೂಸುಗಳು ಆ ಕಾಲದಲ್ಲಿ ಬದುಕುತ್ತಿದ್ದದ್ದೇ ಕಡಿಮೆ, ಅದನ್ನೂ ಒಪ್ಪುತ್ತೇನೆ. ಇನ್ನು ಹೊಟ್ಟೆಯಲ್ಲಿ ಉಳಿದ ಹಾಲು. ಅದನ್ನು ಪ್ರತಿ ಸಲ ಎಳೆದು ಅಳೆಯುವ ಪದ್ಧತಿಯನ್ನೇ ಎಷ್ಟೋ ಕಡೆ ಬಿಟ್ಟಿದ್ದಾರೆ. ಹೊಟ್ಟೆ ಉಬ್ಬಿದೆಯಾ, ಹಸಿರು ವಾಂತಿ ಇದೆಯಾ, ಅದನ್ನು ನೋಡಿ ಅನ್ನುತ್ತಾರೆ. ಕರುಳು ಕೊಳೆಯುವ ಕಾಯಿಲೆಯ ಭಯ ನಮಗೆಲ್ಲ ಇದ್ದದ್ದೇ. ಅದನ್ನು ತಗ್ಗಿಸುವುದು ತಾಯಿಯ ಹಾಲು. ಹಾಲಿನ ಬಿಸಿಯಿಂದ ಅದು ತಗ್ಗುತ್ತದೆ ಅಂತ ಯಾರೂ ತೋರಿಸಿಲ್ಲ.

ಅಸಲಿಗೆ ವೈನಿಯ ಬರಹದಲ್ಲಿ ಉತ್ತರ ಎರಡನೇ ಪ್ಯಾರಾದಲ್ಲೇ ಇದೆ, ಅವರೇ ಅದನ್ನು ದಾಟಿ ಮುಂದೆ ಹೋದರು. "ಹಗಲಿನ ಹಾಲಿಗೆ ತಕರಾರು ಇರಲಿಲ್ಲ." ಯಾಕೆ ಇರಲಿಲ್ಲ? ತಾಯಿ ಪಕ್ಕದಲ್ಲೇ ಇದ್ದಳು. ರಾತ್ರಿ ಯಾಕೆ ತಕರಾರು? ತಾಯಿ ಕೆಳಗಿನ ಮಹಡಿಯಲ್ಲಿ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು. ತಪ್ಪು ಫ್ರಿಜ್ಜಿನದಲ್ಲ, ಮೆಟ್ಟಿಲಿನದು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದಲ್ಲಿ ನಡೆಯಿತು. 1 ಕಿಲೋದಿಂದ 1.8 ಕಿಲೋ ಒಳಗಿನ ಕೂಸುಗಳ ಜೊತೆ ತಾಯಿಯನ್ನೂ ಐಸಿಯು ಒಳಗೇ ಮಲಗಿಸಿದರು, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದರು. ಮೊದಲ 28 ದಿನದ ಸಾವು ಕಾಲು ಭಾಗ ಕಡಿಮೆಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯ ಹೆಸರೂ ಅದೇ ವರ್ಷ ಹೊರಗಿನ ಪತ್ರಿಕೆಯಲ್ಲಿ ಬಂತು, ಇಥಿಯೋಪಿಯಾ, ಹರಿಯಾಣ, ಉತ್ತರ ಪ್ರದೇಶದ ಜೊತೆ. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹೇಗೆ ಮುಟ್ಟಿಸಬಹುದು ಅಂತ ಅಲ್ಲಿ ಮಾಡಿ ನೋಡಿದ್ದರು. ವೈನಿ ಅದೇ ಜಿಲ್ಲೆಯವರು, ಅವರಿಗೇ ಗೊತ್ತಿರಲಿಲ್ಲ. ಹೇಳಿದಾಗ ಸ್ವಲ್ಪ ಉಬ್ಬಿದರು.

ಹಾಲು ಕಾಯಿಸುವ ಯಂತ್ರಕ್ಕೆ ಯಾರಾದರೂ ದುಡ್ಡು ಕೊಡುತ್ತೇನೆ ಅಂದರೆ ನಾನು ಕೇಳುವುದು ಮಂಚ. ವಾರ್ಮರ್ ಪಕ್ಕ ತಾಯಿಗೆ ಒಂದು ಮಂಚ, ಒಂದು ಪರದೆ. ಅವಳು ಎದ್ದು ಕೂತು ಹಿಂಡಿದರೆ ಹಾಲು 37ರಲ್ಲೇ ಬರುತ್ತದೆ. ನೀರು ಬೇಡ, ಪ್ಲಾಸ್ಟರು ಬೇಡ, ಪೆನ್ನು ಬೇಡ.

ಮುಷ್ಟಿಯಲ್ಲಿ ಹಿಡಿಯುವ ವಿಷಯ ಒಂದು ಉಳಿಯಿತು. ಅದನ್ನು ಮೊದಲು ನಾನು ಬೇಡ ಅಂದಿದ್ದೆ. ಕೈ ಎಷ್ಟು ತೊಳೆದಿದ್ದಾರೋ, ಸೆರಗು ಎಷ್ಟು ಚೊಕ್ಕಟ ಇದೆಯೋ ಅಂತ. ಈಗ ಸೆರಗು ಬೇಡ ಅನ್ನುತ್ತೇನೆ, ಮುಷ್ಟಿಗೆ ಸುಮ್ಮನಿರುತ್ತೇನೆ. ಮುಚ್ಚಳ ಬಿಗಿ ಇರಬೇಕು, ಹೆಸರಿನ ಚೀಟಿ ಒಣಗಿರಬೇಕು, ಆ ತಾಯಿಯ ಕೈಯಲ್ಲಿ ಆ ತಾಯಿಯದೇ ಹಾಲಿರಬೇಕು. ಹೋದ ಮಾಗಿಯಲ್ಲಿ ನಮ್ಮಲ್ಲಿಗೆ 920 ಗ್ರಾಂ ಕೂಸು ಬಂದಿತ್ತು. ತಾಯಿಗೆ ಜ್ವರ, ಅವಳನ್ನು ಒಳಗೆ ಬಿಡುವಂತಿರಲಿಲ್ಲ. ಹಾಲು ಫ್ರಿಜ್ಜಿನಲ್ಲಿತ್ತು, ಎಸಿ ಅವತ್ತು ಸ್ವಲ್ಪ ಜಾಸ್ತಿಯೇ ತಣ್ಣಗಿತ್ತು. ಟ್ರೇ ಮೇಲೆ ಇಟ್ಟು ಅರ್ಧ ತಾಸು ಕಾದೆ. ಆಮೇಲೆ ಗ್ಲೌಸ್ ಹಾಕಿಕೊಂಡು ಸಿರಿಂಜನ್ನು ಅಂಗೈಯಲ್ಲಿ ಹಿಡಿದು ಕೂತೆ, ಹತ್ತು ನಿಮಿಷ. ಇದನ್ನು ವೈನಿಗೆ ಇನ್ನೂ ಹೇಳಿಲ್ಲ.